ಮಸ್ಕತ್ತಿನಲ್ಲಿ ಹೋಮ್ ಮ್ಯಾಚು

ನಲ್ಲಗುಟ್ಟಹಳ್ಳಿ,
ಶಿಡ್ಲಘಟ್ಟ ತಾಲ್ಲೂಕು,
ಸೋಮವಾರ, ೧೬ ಫೆಬ್ರವರಿ ೨೦೨೬

ಪ್ರೀತಿಯ ಮಗಳು ತನುಜಮ್ಮನಿಗೆ, ನಿನ್ನ ಚಿಕ್ಕಪ್ಪ ಚಲಪತಿ ತಲೆ ಮುಟ್ಟಿ ಹೇಳುವ ಆಶೀರ್ವಾದ.

ಹೇಗಿದ್ದೀಯಮ್ಮ? ಬಲಗಾಲಿನ ಗಿಣ್ಣಿನ ಊತ ಇಳಿಯಿತಾ? ಮಸ್ಕತ್ತಿನಿಂದ ಬಂದ ಮೇಲೆ ನೆಗಡಿಯಾಗಿದೆ ಎಂದು ನಿಮ್ಮಪ್ಪ ಹೇಳಿದ. ಬಿಸಿನೀರು ಕುಡಿ, ಹಾಸ್ಟೆಲಿನ ಫ್ಯಾನಿನ ಕೆಳಗೆ ಮಲಗಬೇಡ. ನಾಳೆ ನಿಮ್ಮಪ್ಪ ಬೆಂಗಳೂರಿಗೆ ಬರುವವನಿದ್ದಾನೆ, ಅವನ ಕೈಯಲ್ಲೇ ಈ ಕಾಗದ, ರಾಗಿ ಹಿಟ್ಟು, ಅಜ್ಜಿ ಮಾಡಿದ ಕೊಬ್ಬರಿ ಉಂಡೆ ಕಳಿಸಿದ್ದೇವೆ. ಕಾಗದವನ್ನು ಕೊನೆಗೆ ಓದಿದರೂ ಪರವಾಗಿಲ್ಲ, ಉಂಡೆ ಮೊದಲು ತಿನ್ನು. ಇಲ್ಲಿ ಅಜ್ಜಿಯ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಅಂದರೆ ನಾವು ನೋಡುವಾಗ ಹತೋಟಿಯಲ್ಲಿದೆ. ನೋಡದಿರುವಾಗಿನ ಸಂಗತಿ ಬೆಲ್ಲದ ಡಬ್ಬಿಗೇ ಗೊತ್ತು. ಕೆಂದ ಹಸು ಹೆಣ್ಣುಗರು ಹಾಕಿತು. ಅದಕ್ಕೆ ನಿನ್ನ ಹೆಸರಿಡೋಣ ಎಂದೆ, ಮನೆಯಲ್ಲಿ ಯಾರೂ ನಗಲಿಲ್ಲ. ಈಗೀಗ ನಾನು ಏನು ಹೇಳಿದರೂ ಯಾರೂ ನಗುವುದಿಲ್ಲ.

ನಾನು ಫೋನು ಮಾಡಿದರೆ ನೀನು ಎತ್ತುತ್ತಿಲ್ಲ. ಎತ್ತಬೇಡ, ಸರಿಯಾಗಿಯೇ ಮಾಡಿದ್ದೀಯ. ವಾಟ್ಸಾಪಿನಲ್ಲಿ ಮಾತಾಡಿ ಕಳಿಸೋಣ ಎಂದು ಹೊರಟವನ ಕೈಯಿಂದ ಅಜ್ಜಿ ಫೋನು ಕಿತ್ತುಕೊಂಡಳು. "ಬಾಯಲ್ಲಿ ಹೇಳಿದ್ರೆ ನೀನು ಬಣ್ಣ ಕಟ್ತೀಯ ಕಣೋ. ಕೂತ್ಕೊಂಡು ಬರಿ. ಬರೆದಿದ್ದನ್ನ ನಂಗೆ ಓದಿ ಹೇಳು" ಎಂದಳು. ಹಾಗಾಗಿ ಏಳನೇ ಕ್ಲಾಸಿಗೆ ಮುಗಿದ ನನ್ನ ಬರವಣಿಗೆ ಮತ್ತೆ ಶುರುವಾಗಿದೆ. ಅವಳು ಎದುರಿಗೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಳೆ. ನಡುನಡುವೆ ಸಾಲು ಹೊಡೆದು ಹಾಕಿರುವುದನ್ನು ನೋಡಿ ಬೇಜಾರು ಮಾಡಿಕೊಳ್ಳಬೇಡ, ಅವೆಲ್ಲ ಅವಳ ಅಪ್ಪಣೆ. ಮೇಲೆ ಮೊದಲ ಪ್ಯಾರಾದಲ್ಲೇ ಒಂದು ಸಾಲು ಹೋಯಿತು. ನಿನಗೆ ಮೊದಲ ಫುಟ್‌ಬಾಲು ತಂದುಕೊಟ್ಟವನು ನಾನೇ ಎಂದು ಬರೆದಿದ್ದೆ. "ಅದು ವಾಲಿಬಾಲು" ಎಂದಳು. ಹೌದು, ವಾಲಿಬಾಲೇ. ಚಿಂತಾಮಣಿ ಸಂತೆಯಲ್ಲಿ ಅಂಗಡಿಯವನು ನನಗೆ ಟೋಪಿ ಹಾಕಿದ್ದ. ನೀನು ಅದನ್ನೇ ಕೆರೆ ಅಂಗಳದಲ್ಲಿ ಒದ್ದೂ ಒದ್ದೂ ಈ ಮಟ್ಟಕ್ಕೆ ಬಂದೆ. ಅದರಲ್ಲಿ ನನ್ನದೇನೂ ಇಲ್ಲ.

ನಿನಗೆ ಗೊತ್ತಿಲ್ಲದ ಒಂದು ವಿಷಯದಿಂದ ಶುರುಮಾಡುತ್ತೇನೆ. ಈ ವರ್ಷ ನೀನು ಬೆಂಗಳೂರಿನ ಫುಟ್‌ಬಾಲ್ ಕ್ಲಬ್ಬಿಗೆ ಸೇರಿದಾಗಿನಿಂದ ನಮ್ಮ ಬೀದಿಯ ಹೆಂಗಸರಿಗೆ ಒಂದೇ ಆಸೆ, ಒಂದು ಸಲ ನಿನ್ನ ಆಟ ಕಣ್ಣಾರೆ ನೋಡಬೇಕು ಎಂದು. ಆದರೆ ರೇಷ್ಮೆ ಹುಳ ಇಟ್ಟ ಮನೆಯವರು ಊರು ಬಿಟ್ಟು ಹೇಗೆ ಬರುತ್ತಾರೆ? ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು, ಹುಳ ಹಣ್ಣಾದರೆ ಮನೆಮಂದಿಯೆಲ್ಲ ಕೂತು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಒಬ್ಬರ ಮನೆಯಲ್ಲಿ ಹುಳ ಇಲ್ಲ ಅಂದರೆ ಇನ್ನೊಬ್ಬರ ಮನೆಯಲ್ಲಿ ಪೊರೆ ಬಿಡುವ ಜ್ವರಕ್ಕೆ ಕೂತಿರುತ್ತವೆ. ನಿನ್ನ ಕೊನೆಯ ಹೋಮ್ ಮ್ಯಾಚು ಫೆಬ್ರವರಿ ಎರಡನೇ ಭಾನುವಾರ ಎಂದು ತಿಳಿದಾಗ ಎದುರು ಮನೆ ಶ್ಯಾಮಲಮ್ಮ ಬೀದಿಯವರನ್ನೆಲ್ಲ ಜಗಲಿಗೆ ಕರೆದು ಕೂರಿಸಿದಳು. ಎಲ್ಲರೂ ಒಟ್ಟಿಗೆ ಚಾಕಿ ಮರಿಹುಳ ತರೋಣ, ಎಲ್ಲರ ಗೂಡೂ ಆ ಭಾನುವಾರಕ್ಕೆ ಮುಂಚೆ ಬಿಡಿಸಿ ಮಾರ್ಕೆಟ್ಟಿಗೆ ಹಾಕಿಬಿಡೋಣ, ಆ ದಿನ ನಮ್ಮ ಬೀದಿಯಲ್ಲಿ ಒಂದು ಹುಳವೂ ಇರಬಾರದು ಎಂದಳು. ನನಗೆ ಬುದ್ಧಿ ಬಂದಾಗಿನಿಂದ ನಮ್ಮ ಬೀದಿಯಲ್ಲಿ ಇಂಥದ್ದು ನಡೆದಿರಲಿಲ್ಲ. ಮಳೆಗೆ, ರೇಟಿಗೆ, ಮದುವೆಗೆ ಹೊಂದಿಸಿ ಹುಳ ಇಟ್ಟಿದ್ದಾರೆ. ಒಂದು ಹುಡುಗಿಯ ಆಟಕ್ಕೆ ಹೊಂದಿಸಿ ಇಟ್ಟಿದ್ದು ಇದೇ ಮೊದಲು. ಎರಡು ವ್ಯಾನಿಗೆ ಹೇಳಿಯೂ ಆಗಿತ್ತು. ಅಜ್ಜಿ ಮೊದಲನೇ ಸೀಟು ಹಿಡಿದಿದ್ದಳು. ಮುಂದೆ ಕೂತರೆ ತನಗೆ ತಲೆ ಸುತ್ತುವುದಿಲ್ಲ ಎಂಬುದು ನೆಪ.

ಆಮೇಲೆ ಆ ಸುದ್ದಿ ಬಂತು. ನಿನ್ನ ಕ್ಲಬ್ಬಿನವರು ಆ ಹೋಮ್ ಮ್ಯಾಚನ್ನೇ ಮಸ್ಕತ್ತಿಗೆ ಸಾಗಿಸುತ್ತಾರಂತೆ, ಅಲ್ಲಿ ಆಡಿಸಿದರೆ ಲೀಗಿಗೆ ಹೊರದೇಶದಲ್ಲೂ ಹೆಸರು ಬರುತ್ತದಂತೆ ಎಂದು. ಆವಲಪ್ಪನ ಟೀ ಅಂಗಡಿಯಲ್ಲಿ ನಾನೇ ಮೊದಲು ಬೈದವನು. "ನಮ್ಮೂರ ಮದುವೇನ ದುಬೈಯಲ್ಲಿ ಮಾಡಿ, ನಮಗೆ ಫೋಟೋ ಕಳಿಸ್ತಾರಂತೆ ಕಣ್ರೋ" ಎಂದು ಎಲ್ಲರನ್ನೂ ನಗಿಸಿದೆ. ಆ ಸಂಜೆ ನೀನು ಫೋನು ಮಾಡಿದೆ. "ಚಿಕ್ಕಪ್ಪ, ಹುಡುಗೀರೆಲ್ಲ ಬೇಡ ಅಂತಿದೀವಿ. ಹೋಮ್ ಮ್ಯಾಚು ಅಂದ್ರೆ ನಮ್ಮೋರ ಮುಂದೆ ಆಡೋದು. ಅಲ್ಲಿ ನಮ್ಮೋರು ಯಾರಿದಾರೆ? ಕ್ಲಬ್ಬಿನೋರು ಊರಿಗೆ ಬಂದು ನಿಮ್ಮನ್ನೂ ಕೇಳ್ತಾರಂತೆ. ನೀನು ಮಾತಾಡೋನು. ನಮ್ಮೂರೋರ ಪರವಾಗಿ ಒಂದು ಮಾತು ಹೇಳು, ಸಾಕು" ಎಂದೆ. ನಾನು ಏನೆಂದೆ? "ಬಿಡಮ್ಮ, ನಿಮ್ಮ ಚಿಕ್ಕಪ್ಪ ಬಾಯಿ ತೆಗೆದ್ರೆ ಅವರ ವಿಮಾನ ಎದ್ದೇಳಲ್ಲ" ಎಂದೆ. ಈ ಸಾಲನ್ನೂ ಹೊಡೆದು ಹಾಕಲು ಹೋದೆ. ಅಜ್ಜಿ ಬಿಡಲಿಲ್ಲ. ಇದು ಇರಲಿ ಎಂದಳು.

ಕ್ಲಬ್ಬಿನವರು ಬಂದರು. ಮುರಳಿಮೋಹನ್ ಎಂಬ ಪ್ರಚಾರದ ಮನುಷ್ಯ, ಬಿಳಿ ಷರ್ಟು, ಬಹಳ ವಿನಯ. ಊರಿಗೆ ಬರಲಿಲ್ಲ. ಚಿಕ್ಕಬಳ್ಳಾಪುರದ ಒಂದು ಹೋಟೆಲಿನ ಹಾಲಿಗೆ ನನ್ನನ್ನು ಕಾರು ಕಳಿಸಿ ಕರೆಸಿಕೊಂಡ. ನೋಡು ತನುಜ, ಕಾರಿನಲ್ಲಿ ಹೋಗುವಾಗ ನಿನ್ನ ಮಾತು ನನ್ನ ಮನಸ್ಸಿನಲ್ಲೇ ಇತ್ತು. ನಮ್ಮ ಬೀದಿಯ ಹುಳದ ಕತೆಯನ್ನು ಹೇಗೆ ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂದೆಲ್ಲ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ಒಳಗೆ ಕಾಲಿಟ್ಟರೆ ಸ್ಟೇಜು, ಹಿಂದೆ ದೊಡ್ಡ ಫ್ಲೆಕ್ಸು, ಅದರಲ್ಲಿ ನನ್ನ ಫೋಟೋ! ಕೆಳಗೆ "ಕ್ರೀಡಾಪೋಷಕರು" ಎಂದು ಬರೆದಿತ್ತು. ಗಂಧದ ಹಾರ ಹಾಕಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೈಗಿಟ್ಟರು, ಕೊನೆಗೆ ತಲೆಯ ಮೇಲೆ ಜರತಾರಿ ಮೈಸೂರು ಪೇಟ ಇಟ್ಟರು. ನಿನಗೆ ನಮ್ಮ ಕಡೆಯ ಸನ್ಮಾನ ಗೊತ್ತಲ್ಲ. ಪೇಟ ಇಟ್ಟ ಮೇಲೆ ಇಟ್ಟವರ ಎದುರಿಗೆ ಇಲ್ಲ ಎಂದು ಹೇಗೆ ಹೇಳುವುದು? ಬೇರೆಯವರ ಸನ್ಮಾನಕ್ಕೆ ಕುರ್ಚಿ ಹಾಕಿ, ಚಪ್ಪಾಳೆ ತಟ್ಟಿ, ಉಪ್ಪಿಟ್ಟು ತಿಂದು ಬಂದವನೇ ನಾನು. ನನ್ನ ತಲೆಗೆ ಅದು ಬಂದದ್ದು ಅವತ್ತೇ ಮೊದಲು. ಮುರಳಿಮೋಹನ್ ಮೈಕು ಕೊಟ್ಟು, "ಸಾರ್, ನಿಮ್ಮ ಊರಿನವರ ಅಭಿಪ್ರಾಯ?" ಎಂದ. ಎದುರಿಗೆ ಕ್ಯಾಮೆರಾ. ಇಷ್ಟು ವರ್ಷದಲ್ಲಿ ನನ್ನನ್ನು ಸಾರ್ ಎಂದವರು ಯಾರಮ್ಮ?

ನಾನು ಹೇಳಿದ್ದನ್ನು ಅಕ್ಷರ ಬಿಡದೆ ಬರೆಯಬೇಕು ಎಂದು ಅಜ್ಜಿಯ ಹಟ. "ನಮ್ಮೂರೋರೆಲ್ಲ ಒಪ್ಪಿದೀವಿ. ನಮ್ಮ ಹುಡುಗಿ ಫಾರಿನ್ನಲ್ಲಿ ಆಡ್ತಾಳೆ ಅಂದ್ರೆ ನಮಗೆ ಹಬ್ಬ. ನಮ್ಮ ತಾಯಿ ಗೋದಮ್ಮನೋರೇ ಆಶೀರ್ವಾದ ಮಾಡಿ ಕಳಿಸಿದಾರೆ." ಅಷ್ಟೇ. ಅಷ್ಟಕ್ಕೇ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಊರಿಗೆ ಬಂದು ಪೇಟ ತೋರಿಸಿದೆ, ಏನು ಹೇಳಿದೆ ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ನಿನ್ನ ಫೋನು ಬಂದಾಗ "ಹೇಳಿದೀನಮ್ಮ, ಚೆನ್ನಾಗಿ ಹೇಳಿದೀನಿ" ಎಂದೆ. ಊರಿನವರಿಗೆ, ನಾನು ಎಷ್ಟು ಹೇಳಿದರೂ ಕ್ಲಬ್ಬಿನವರು ಕೇಳಲಿಲ್ಲ ಎಂದೆ. ಶ್ಯಾಮಲಮ್ಮ ವ್ಯಾನಿನವನಿಗೆ ಬೇಡ ಎಂದು ಹೇಳಿ ಕಳಿಸಿದಳು. ಅಜ್ಜಿ ಹೊಸ ಸೀರೆಯನ್ನು ಮಡಿಸಿ ಮತ್ತೆ ಪೆಟ್ಟಿಗೆಯಲ್ಲಿಟ್ಟಳು. ನಾನು ನೋಡುತ್ತಲೇ ಇದ್ದೆ.

ಆ ಭಾನುವಾರ, ಇಷ್ಟಾದರೂ ಜಂಬ ಬಿಡದೆ, ಶ್ಯಾಮಲಮ್ಮನ ಹುಳದ ಮನೆಯಲ್ಲಿ ಆಟ ತೋರಿಸಲು ಪರದೆ ಕಟ್ಟಿಸಿದೆ. ಹುಳ ಖಾಲಿಯಾಗಿತ್ತಲ್ಲ, ತಟ್ಟೆಗಳನ್ನೆಲ್ಲ ಗೋಡೆಗೆ ಒರಗಿಸಿ ಬೀದಿಯವರೆಲ್ಲ ಚಾಪೆಯ ಮೇಲೆ ಕೂತರು. ಅಜ್ಜಿಗೆ ಮಾತ್ರ ಕುರ್ಚಿ. ಪೇಟ ಹಾಕಿಕೊಂಡೇ ಹೋಗಿದ್ದೆ ನಾನು. ಪರದೆಯ ಮೇಲೆ ನೀನು ಬಂದೆ, ಎಲ್ಲರೂ ಶಿಳ್ಳೆ ಹೊಡೆದರು. ಅಲ್ಲಿ ಕುರ್ಚಿಗಳು ಸಾಲುಸಾಲಾಗಿ ಖಾಲಿ ಇದ್ದವು. ವಿಷಲು ಊದಿದರು. ನೀನು ಅಲ್ಲಾಡಲಿಲ್ಲ. ನಿನ್ನ ಪಕ್ಕದಲ್ಲಿ ನಿಮ್ಮ ಕ್ಯಾಪ್ಟನ್ ಶಿರೀಷಾ ಅಲ್ಲಾಡಲಿಲ್ಲ. ಎದುರು ತಂಡದ ಹುಡುಗಿಯರೂ ಹಾಗೇ ನಿಂತರು. ಬಾಲು ನಡುವೆ ಬಿದ್ದಿತ್ತು, ಮುಟ್ಟುವವರಿಲ್ಲ. "ಏನಾಯ್ತೋ ಚಲಪತಿ?" ಎಂದು ಎಲ್ಲರೂ ನನ್ನ ಕಡೆ ತಿರುಗಿದರು. ನನಗೇನು ಗೊತ್ತು? ಆದರೂ "ಅದು ಅಲ್ಲಿನ ರೂಲ್ಸು. ಆ ದೇಶದ ಮಣ್ಣಿಗೆ ಮರ್ಯಾದೆ ಕೊಟ್ಟು ಆಮೇಲೆ ಆಡ್ಬೇಕು" ಎಂದುಬಿಟ್ಟೆ. ಅಷ್ಟರಲ್ಲಿ ಕಾಮೆಂಟರಿ ಹೇಳುವವನೇ ಹೇಳಿದ, ಹೋಮ್ ಮ್ಯಾಚನ್ನು ತಮ್ಮ ಊರಿನವರಿಂದ ಕಿತ್ತುಕೊಂಡು ಇಲ್ಲಿಗೆ ತಂದದ್ದಕ್ಕೆ ಹುಡುಗಿಯರು ಹೀಗೆ ನಿಂತು ತೋರಿಸುತ್ತಿದ್ದಾರೆ ಎಂದು. ಹಾಗೆಂದ ಬೆನ್ನಿಗೇ, ಆದರೆ ಆಟಗಾರ್ತಿಯರ ಮನೆಯವರೇ ಏನನ್ನುತ್ತಾರೆ ಕೇಳಿ ಎಂದು ನನ್ನನ್ನು ತೋರಿಸಿದರು. ನಿನ್ನ ಮುಖ ಹೋಗಿ ನನ್ನ ಮುಖ ಬಂತು. ಅದೇ ಪೇಟ, ಅದೇ ಶಾಲು, ಅದೇ ಹಲ್ಲು. "ನಮ್ಮೂರೋರೆಲ್ಲ ಒಪ್ಪಿದೀವಿ."

ಆ ಹುಳದ ಮನೆಯಲ್ಲಿ ಹುಳ ಸೊಪ್ಪು ಮೇಯುವಾಗ ಸಣ್ಣ ಮಳೆ ಬಂದ ಹಾಗೆ ಸದ್ದು ಇರುತ್ತದಲ್ಲ, ಅವತ್ತು ಅದೂ ಇರಲಿಲ್ಲ. ಸಿಟ್ಟು ಬಂದರೆ ಅಜ್ಜಿಗೆ ತೆಲುಗು ಬರುತ್ತದೆ, ನಿನಗೆ ಗೊತ್ತು. "ಎವರಿನಿ ಅಡಿಗಿ ಚೆಪ್ಪಿನಾವ್ ರಾ?" ಎಂದಳು. ಯಾರನ್ನು ಕೇಳಿ ಹೇಳಿದೆ ಎಂದು. ಕೂಗಲಿಲ್ಲ, ಮೆಲ್ಲಗೆ ಕೇಳಿದಳು. ಆಮೇಲೆ ಮಂಡಿ ಹಿಡಿದುಕೊಂಡು ಕುರ್ಚಿಯಿಂದ ಎದ್ದು ನಿಂತಳು. ಮನೆಗೆ ಹೊರಟಳು ಎಂದುಕೊಂಡೆ. ಹೊರಡಲಿಲ್ಲ. ಪರದೆಯಲ್ಲಿ ನೀನು ನಿಂತ ಹಾಗೆಯೇ ಅಲ್ಲಾಡದೆ ನಿಂತಳು. ಶ್ಯಾಮಲಮ್ಮ ಎದ್ದಳು, ಬೀದಿಯ ಹೆಂಗಸರೆಲ್ಲ ಎದ್ದರು, ನಿಮ್ಮಪ್ಪ ಎದ್ದ. ನೀವು ಆಡಲು ಶುರುಮಾಡುವ ತನಕ ನಿಂತೇ ಇದ್ದರು. ಕೂತಿದ್ದವನು ನಾನೊಬ್ಬನೇ, ತಲೆಯ ಮೇಲೆ ಪೇಟ.

ಆವತ್ತಿನಿಂದ ಆವಲಪ್ಪ "ಪೇಟದೋರಿಗೆ ಒಂದು ಟೀ" ಎಂದು ಕೂಗುತ್ತಾನೆ, ಬೇರೆ ಮಾತಿಲ್ಲ. ಶ್ಯಾಮಲಮ್ಮ ಮಾತ್ರ ಒಂದು ಮಾತು ಆಡಿದಳು. "ನಮ್ಮ ಹುಳಾನೂ ಒಪ್ಪಿದ್ವು ಅಂತ ಹೇಳ್ಬೇಕಾಗಿತ್ತು ಕಣಪ್ಪ, ಅದೊಂದು ಬಿಟ್ಟೋಯ್ತು." ನಾನು ಎಂಥ ತಮಾಷೆಗೂ ಎದುರು ತಮಾಷೆ ಇಟ್ಟುಕೊಂಡಿರುವವನು. ಅವತ್ತು ಬೀದಿ ದಾಟಿ ಮನೆಯೊಳಗೆ ಹೋಗಿಬಿಟ್ಟೆ.

ಇದೆಲ್ಲ ನನ್ನ ಮುಖಕ್ಕೆ ಆದದ್ದು, ಹೋಗಲಿ. ಮೊನ್ನೆ ಶಿರೀಷಾ ನಿಮ್ಮಪ್ಪನಿಗೆ ಫೋನು ಮಾಡಿ ಉಳಿದದ್ದನ್ನು ಹೇಳಿದಳು. ಬರುವ ಗುರುವಾರ ಲೀಗಿನ ಕಮಿಟಿಯವರು ನಿನ್ನನ್ನೂ ಅವಳನ್ನೂ ಕರೆದು ವಿಚಾರಿಸುತ್ತಾರಂತೆ. ನೀವಿಬ್ಬರೇ ಎಲ್ಲರನ್ನೂ ಎತ್ತಿಕಟ್ಟಿದ್ದು, ಊರಿನವರ ಹೆಸರು ಹೇಳಿ ಆಟ ಕೆಡಿಸಿದ್ದು ಎಂದು ಕ್ಲಬ್ಬಿನವರ ದೂರಂತೆ. ಊರಿನವರೇ ಒಪ್ಪಿದ್ದಾರೆ ಎಂಬುದಕ್ಕೆ ನನ್ನ ವಿಡಿಯೊ ತೋರಿಸುತ್ತಾರಂತೆ. ಅದನ್ನು ಕಮಿಟಿಯವರು ನಂಬಿದರೆ ಮುಂದಿನ ವರ್ಷ ಲೀಗಿನಲ್ಲಿ ನಿಮಗೆ ಆಟವೇ ಇಲ್ಲವಂತೆ. ಇದನ್ನು ನೀನು ನಮಗೆ ಹೇಳಲಿಲ್ಲ. ಚಿಕ್ಕಪ್ಪ ಸುಳ್ಳು ಹೇಳಿದ ಎಂದು ಕ್ಲಬ್ಬಿನವರ ಮುಂದೆಯೂ ನೀನು ಹೇಳಲಿಲ್ಲವಂತೆ. ನಮ್ಮ ಮನೆ ವಿಷಯ ಎಂದು ಸುಮ್ಮನಾದೆಯಂತೆ. ಅದನ್ನು ಕೇಳಿದ ಮೇಲೆ ನನಗೆ ಊಟ ಸೇರುತ್ತಿಲ್ಲ. ನೀನು ಬೈದಿದ್ದರೆ ಬೈಗುಳಕ್ಕೆ ಏನಾದರೂ ಉತ್ತರ ಹುಡುಕುತ್ತಿದ್ದೆ. ನನ್ನ ಮಾನ ಉಳಿಸಲು ನೀನು ಬಾಯಿ ಮುಚ್ಚಿಕೊಂಡಿದ್ದೀಯ. ನಾನು ಪೇಟ ಉಳಿಸಿಕೊಳ್ಳಲು ಬಾಯಿ ತೆರೆದವನು.

ತಪ್ಪಾಯಿತು ಮಗಳೇ. ಇದರ ಪಕ್ಕದಲ್ಲಿ ಬೇರೆ ಮಾತು ಬರೆಯಬಾರದು ಎಂದು ಅಜ್ಜಿ ಹೇಳಿದ್ದಾಳೆ, ಬರೆಯುವುದಿಲ್ಲ.

ಮೈ ನೋಡಿಕೋ. ಕಾಲಿಗೆ ಎಣ್ಣೆ ಹಚ್ಚಿ ನೀವಿಕೋ. ಕೈವಾರದ ತಾತಯ್ಯನವರು ನಿನ್ನನ್ನು ಕಾಪಾಡಲಿ. ಶಿರೀಷಾಳಿಗೂ ಹಾಸ್ಟೆಲಿನ ಹುಡುಗಿಯರಿಗೂ ನಮ್ಮ ಮನೆಯವರೆಲ್ಲ ಕೇಳಿದರೆಂದು ತಿಳಿಸು. ಉಂಡೆಯಲ್ಲಿ ಅವರಿಗೂ ಪಾಲು ಕೊಡು.

ಇತಿ,
ಚಲಪತಿ

ಮರೆತಿದ್ದೆ: ಬೆಳಗಾಯಿತು, ನಿಮ್ಮಪ್ಪ ಚಪ್ಪಲಿ ಮೆಟ್ಟಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಮ್ಮ ಬೀದಿಯಲ್ಲಿ ಇನ್ನೂ ಯಾರೂ ಚಾಕಿ ಹುಳ ತಂದಿಲ್ಲ, ಗುರುವಾರ ಕಳೆಯಲಿ ಎಂದು ಕಾದಿದ್ದಾರೆ. ಆ ದಿನ ಬೆಂಗಳೂರಿಗೆ ಬರಲು ಎರಡು ವ್ಯಾನಿಗೆ ಮತ್ತೆ ಹೇಳಿದ್ದಾರೆ, ಅಜ್ಜಿ ಮುಂದಿನ ಸೀಟು. ಊರಿನವರನ್ನು ಯಾರೂ ಕೇಳಲಿಲ್ಲ ಎಂದು ಕಮಿಟಿಯವರ ಮುಂದೆ ಹೇಳಬೇಕಾದವನು ನಾನೇ, ಹೇಳುತ್ತೇನೆ. ಪೇಟ, ಶಾಲು ಎರಡನ್ನೂ ಮೇಜಿನ ಮೇಲೆ ಇಟ್ಟು ಹೇಳುತ್ತೇನೆ. ವ್ಯಾನಿನಲ್ಲಿ ನನಗೆ ಜಾಗವಿಲ್ಲವಂತೆ, ಮೊದಲನೇ ಬಸ್ಸಿಗೆ ಬರುತ್ತೇನೆ. ನಿನ್ನನ್ನು ಕೇಳಬೇಕಾದದ್ದು ಒಂದೇ, ನಿಮ್ಮಪ್ಪನ ಹತ್ತಿರ ಹೇಳಿ ಕಳಿಸು. ಗೇಟಿನಲ್ಲಿ "ನೀನು ತನುಜಳಿಗೆ ಏನಾಗಬೇಕು?" ಎಂದು ನನ್ನನ್ನು ಕೇಳುತ್ತಾರೆ. ನಿನ್ನನ್ನು ಕೇಳದೆಯೇ ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ಈಗ ಕೇಳುತ್ತಿದ್ದೇನೆ. ಚಿಕ್ಕಪ್ಪ ಎಂದು ಹೇಳಲಾ?