ಮೊದಲ ಚಮಚ

ಫೆಬ್ರವರಿ 3, ಬೆಳಿಗ್ಗೆ

ಮತ್ತೆ ಹಿಟ್ಟು ಕಲಸಿದೆ. ಮೈದಾ ಎರಡು ಲೋಟ, ಉಪ್ಪು ಒಂದು ಲೋಟ. ಅಷ್ಟು ಉಪ್ಪಿದ್ದರೆ ಅಕ್ಷರಗಳು ಕೆಡದೆ ಗಟ್ಟಿಯಾಗಿ ಒಣಗುತ್ತವೆ. ಕಾಲೇಜಿಗೆ ನಾವು ಮಾಡುತ್ತಿರುವ ಸಿನಿಮಾ ಅಡುಗೆಮನೆಯ ಕತೆ, ಹಾಗಾಗಿ ಟೈಟಲ್‌ನಲ್ಲಿ ಹೆಸರುಗಳೂ ತಿನ್ನೋ ಪದಾರ್ಥದಲ್ಲೇ ಇರಬೇಕಂತೆ. ಡೈರೆಕ್ಟರ್ ಸಾಹೇಬರ ಅಪ್ಪಣೆ. ಡೈರೆಕ್ಟರ್ ಅಂದರೆ ನಮ್ಮ ಕ್ಲಾಸಿನ ಹುಡುಗ, ಗಡಿಬಿಡಿ ಅಂತ ನಾವಿಟ್ಟ ಅಡ್ಡಹೆಸರು. ಆರು ಹೆಸರು, ನಲವತ್ತು ಸೆಕೆಂಡು. ನಾಲ್ಕು ಹೆಸರಾಯಿತು. ಸೊಂಟ ಬಿದ್ದುಹೋಯಿತು. ನೋಡಿದರೆ ಅಂಗಡಿ ಬೋರ್ಡಿನ ಹಾಗಿದೆ, ಥೂ.

ಫೆಬ್ರವರಿ 3, ಮಧ್ಯಾಹ್ನ

ಅಮ್ಮ ಕ್ಯಾಂಟೀನಿನಿಂದ ಬಂದಳು. ದಿನಾ ಇನ್ನೂರು ಜನಕ್ಕೆ ಅಡುಗೆ ಮಾಡುವ ಕೈ, ಹಿಟ್ಟು ಕಂಡರೆ ಸುಮ್ಮನಿರುತ್ತದೆಯೇ? ಚಿವುಟಿ ಬಾಯಿಗೆ ಹಾಕಿಕೊಂಡಳು. ನಾನು "ಅಯ್ಯೋ" ಅನ್ನುವಷ್ಟರಲ್ಲಿ ಚಪ್ಪರಿಸಿ, "ಒಂಚೂರು ಉಪ್ಪು ಕಮ್ಮಿ ಆಯ್ತು ಕಣೇ" ಅಂದಳು.

ನಕ್ಕೆ. ಅವಳು ನಗಲಿಲ್ಲ.

"ಅಮ್ಮ, ಅದ್ರಲ್ಲಿ ಒಂದು ಲೋಟ ಉಪ್ಪಿದೆ."

ಕುರ್ಚಿ ಎಳೆದು ಕೂತಳು. ಜ್ವರ ಬಂದುಹೋದ ಮೇಲೆ, ನಾಲ್ಕು ತಿಂಗಳಿಂದ, ನಾಲಿಗೆಗೆ ಏನೂ ತಿಳಿಯುತ್ತಿಲ್ಲವಂತೆ. ಮ್ಯಾನೇಜರ್ ಎರಡು ಸಲ ಎಚ್ಚರಿಸಿದ್ದಾರಂತೆ. ಇನ್ನೊಂದು ದೂರು ಬಂದರೆ ಬೇರೆಯವರನ್ನು ಇಟ್ಟುಕೊಳ್ಳುತ್ತಾರೆ.

"ಮತ್ತೆ ಇಷ್ಟು ದಿನ ಹೇಗೆ ಮಾಡ್ದೆ?"

"ಅಳತೆ ಕೈಗೆ ಗೊತ್ತು. ಉಳಿದಿದ್ದು, ಮೊದಲ ಚಮಚ ಬಾಯಿಗಿಡೋರ ಮುಖ ನೋಡಿ ತಿಳ್ಕೋತೀನಿ."

"ನನ್ನ ಮುಖ ನೋಡಬಾರದಾಗಿತ್ತಾ?"

"ನಿನ್ನ ಮುಖ ಎಲ್ಲಿ ಸಿಗುತ್ತೆ? ಫೋನೊಳಗೆ ತೂರಿಸ್ಕೊಂಡು ತಿಂತೀಯ."

ನಾಲ್ಕು ತಿಂಗಳು... ಒಂದೇ ಮನೆಯಲ್ಲಿದ್ದು.

ಫೆಬ್ರವರಿ 9

ಹಿಟ್ಟಿನ ಹೆಸರುಗಳನ್ನು ಡಬ್ಬಿಗೆ ತುಂಬಿ ಮುಚ್ಚಿದೆ. ಟೈಟಲ್‌ಗೆ ಮುಖಗಳನ್ನೇ ಶೂಟ್ ಮಾಡೋಣ ಅಂದೆ. ಟೀಮಿನ ಒಬ್ಬೊಬ್ಬರೂ ಮೊದಲ ಚಮಚ ಸೂಪ್ ಕುಡಿಯುವ ಮುಖ, ಕೆಳಗೆ ಅವರ ಹೆಸರು. ಗಡಿಬಿಡಿ ಕುಣಿದಾಡಿದ. "ಎಲ್ಲಿಂದ ಹೊಳೀತೇ ಇದು?"

"ಹೀಗೇ" ಅಂದೆ. ಅಮ್ಮನ ಗುಟ್ಟು ನನ್ನ ಹೊಟ್ಟೆಯಲ್ಲೇ ಇರಲಿ.

ಶೂಟಿಂಗ್ ಅಮ್ಮನ ಕ್ಯಾಂಟೀನಿನಲ್ಲೇ. ನನಗೂ ಅಮ್ಮನಿಗೂ ಮಾತ್ರ ಗೊತ್ತಿರುವ ಸಂಜ್ಞೆ: ಉಪ್ಪು ಹೆಚ್ಚಾದರೆ ಕಿವಿ ಮುಟ್ಟಿಕೊಳ್ಳುವುದು, ಕಡಿಮೆಯಾದರೆ ಮೂಗು.

ಫೆಬ್ರವರಿ 12

ಹನ್ನೊಂದು ಗಂಟೆಗೆ ಕ್ಯಾಮೆರಾ ಇಟ್ಟೆವು. ಮೊದಲ ಮುಖ ನನ್ನದು. ಮ್ಯಾನೇಜರ್ ಕೌಂಟರಿಗೆ ಒರಗಿಕೊಂಡು ನೋಡುತ್ತಿದ್ದರು. ಚಮಚ ಬಾಯಿಗಿಟ್ಟೆ.

ಅಬ್ಬಾ, ಸಮುದ್ರ! ನಮ್ಮ ಗಲಾಟೆಯಲ್ಲಿ ಅಮ್ಮ ಎರಡು ಸಲ ಉಪ್ಪು ಹಾಕಿದ್ದಾಳೆ. ಮುಖ ಕಿವುಚಿದರೆ ಮ್ಯಾನೇಜರಿಗೆ ಗೊತ್ತಾಗುತ್ತದೆ. ಸುಮ್ಮನೆ ನುಂಗಿದರೆ ಮಧ್ಯಾಹ್ನ ಇದೇ ಸೂಪಿಗೆ ಇನ್ನೂರು ಜನರ ದೂರು. ನಗುತ್ತಾ ಕಿವಿ ಮುಟ್ಟಿಕೊಂಡೆ.

"ಕಟ್! ಕಿವಿ ಯಾಕೆ ಮುಟ್ಕೊಂಡೆ? ಇನ್ನೊಂದು ಟೇಕ್!" ಗಡಿಬಿಡಿಯ ಕೂಗಾಟ.

"ಸೊಳ್ಳೆ ಕಣೋ" ಅಂದೆ.

ಅವನು ಲೈಟ್ ಸರಿಸುವಷ್ಟರಲ್ಲಿ ಅಮ್ಮ ಕುದಿನೀರು, ಬೇಯಿಸಿದ ಆಲೂಗಡ್ಡೆ ಸುರಿದಾಗಿತ್ತು. ಮುಂದಿನ ಚಮಚ ಸರಿಯಾಗಿತ್ತು. ನಿಜವಾಗಿ ಸರಿಯಾಗಿತ್ತು. ಕಣ್ಣಲ್ಲಿ ನೀರು ಬಂತು. ಮ್ಯಾನೇಜರೂ ಒಂದು ಬಟ್ಟಲು ಹಾಕಿಸಿಕೊಂಡು ಕುಡಿದು ಹೋದರು.

ಫೆಬ್ರವರಿ 20, ಸಂಜೆ

ದಿನಾ ಕ್ಲಾಸಿಗೆ ಮುಂಚೆ ಕ್ಯಾಂಟೀನಿಗೆ ಓಡುತ್ತೇನೆ. ಮೊದಲ ಚಮಚ ನನ್ನದು. ಇದುವರೆಗೆ ದೂರಿಲ್ಲ. ನಾಳಿದ್ದು ಡಾಕ್ಟರ ಹತ್ತಿರ ಹೋಗಬೇಕು. ಕೊನೆಗೂ ಒಪ್ಪಿದ್ದಾಳೆ ಪುಣ್ಯಾತ್ಗಿತ್ತಿ.

ಎಡಿಟ್ ಮುಗಿಯಿತು. ಕಿವಿಯ ಟೇಕನ್ನೇ ಇಟ್ಟೆ. ಗಡಿಬಿಡಿ ಗೊಣಗಿ ಸುಮ್ಮನಾದ. ಆರು ಮುಖಗಳಾದ ಮೇಲೆ ಕೊನೆಯ ಶಾಟ್: ಸೌಟು ಹಿಡಿದು ನಮ್ಮನ್ನೇ ನೋಡುತ್ತಿರುವ ಅಮ್ಮ, ಕೆಳಗೆ ಅವಳ ಹೆಸರು.

ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಎರಡು ಸಲ ಹಾಕಿಸಿಕೊಂಡು ನೋಡಿದಳು.

"ಎಲ್ರೂ ಚೆನ್ನಾಗಿದೆ ಅನ್ನೋ ಹಾಗೆ ಕುಡಿದ್ರಲ್ಲ..." ಅಂದಳು. "ಹೇಗಿತ್ತೇ ಅದರ ರುಚಿ?"

ಫೋನ್ ಬದಿಗಿಟ್ಟು ಅವಳ ಕಡೆ ತಿರುಗಿ ಕೂತೆ. ಮೊದಲು ಬೆಳ್ಳುಳ್ಳಿ ಬರುತ್ತಮ್ಮ, ಅಂದೆ. ಸ್ವಲ್ಪ ಹುರಿದಿದ್ದು. ಆಮೇಲೆ—