‘ಮಾನ್ಯರೇ’ ಎಂದ ಮಗಳಿಗೆ

ಗೋಕಾಕ
೧೭ ಜುಲೈ ೨೦೨೫

ಪ್ರೀತಿಯ ಪದ್ಮಾ,

ನಿನ್ನ ಕೆಮ್ಮು ಇಳಿಯಿತೇ? ಪುಣೆಯ ಮಳೆಯಲ್ಲಿ ನೆನೆಯಬೇಡ; ಹವಾಮಾನ ವಿಜ್ಞಾನಿ ಅಂತ ನೆಗಡಿ ನಿನಗೇನು ರಿಯಾಯಿತಿ ಕೊಡುವುದಿಲ್ಲ. ಅಳಿಯಂದಿರು ಆರಾಮವೇ? ನಾವಿಬ್ಬರೂ ಆರಾಮ. ಹಿಡಕಲ್ ಡ್ಯಾಮು ತುಂಬುತ್ತಿದೆ, ಫಾಲ್ಸಿನ ಸದ್ದೂ ಏರಿದೆ. ಫೋನು ಬಿಟ್ಟು ಕಾಗದ ಏಕೆಂದರೆ, ನಾನು ಫೋನು ಹಿಡಿದರೆ ಸಾಕು, ನಿಮ್ಮಪ್ಪನ ಕಿವಿ ಇತ್ತಲೇ ಇರುತ್ತದೆ.

ಅವರ ಹಟ ನಿನಗೆ ಗೊತ್ತಿದ್ದದ್ದೇ. ಜಗತ್ತಿನ ವಿಜ್ಞಾನಿಗಳೆಲ್ಲ ಒಂದು ಮಾತು ಹೇಳಿದರೂ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಇವರಿಗೆ ಒಪ್ಪಿಗೆಯಿಲ್ಲ. ಭೂಮಿ ಬಿಸಿಯಾಗುತ್ತಿರುವುದು ಸೂರ್ಯನಿಂದ, ಮನುಷ್ಯರ ಹೊಗೆಯಿಂದಲ್ಲ ಎಂದು ಇಲ್ಲಿನ ಪತ್ರಿಕೆಗೆ ಬರೆದರು. ನೀನೂ ಸುಮ್ಮನಿರಲಿಲ್ಲ. ಸೂರ್ಯನೇ ಕಾರಣವಾಗಿದ್ದರೆ ಮೇಲಿನ ವಾತಾವರಣವೂ ಕಾಯಬೇಕಿತ್ತಲ್ಲ, ಅದೇಕೆ ತಣ್ಣಗಾಗುತ್ತಿದೆ ಎಂದು ಅದೇ ಪತ್ರಿಕೆಯಲ್ಲಿ ಕೇಳಿದೆ. ಮೂಡಲಗಿಯಿಂದ ಹುಕ್ಕೇರಿಯವರೆಗೆ ಬೀಗರೆಲ್ಲ ಓದಿದರು. ಅಂದಿನಿಂದ ನಿಮ್ಮಿಬ್ಬರ ಮಾತು ನಿಂತಿತು. ಹೋದ ವರ್ಷ ನಾಗರ ಪಂಚಮಿಗೆ ನಿನ್ನನ್ನು ಕರೆಯಲು ಅವರು ಹೊರಡಲಿಲ್ಲ. ಕರೆಯದೆ ತವರಿಗೆ ಬರಲು ನೀನೂ ಒಪ್ಪಲಿಲ್ಲ, ಅವರ ಮಗಳೇ ತಾನೆ! ಹಬ್ಬಕ್ಕೆ ಕಟ್ಟಿದ ಎಳ್ಳುಂಡಿಯನ್ನೆಲ್ಲ ನಾನು ಓಣಿಗೆ ಹಂಚಿದೆ. ಒಂದನ್ನೂ ಬಾಯಿಗಿಡಲಿಲ್ಲ.

ಮಗಳೆದುರು ಸೋತ ಸಿಟ್ಟು ಅಂತ ನಾನು ತಿಳಿದಿದ್ದೆ. ಅಲ್ಲವಂತೆ. ಮೊನ್ನೆ ಮಸಗುಪ್ಪಿಯಿಂದ ನಿನ್ನ ಸೋದರತ್ತೆ ರಾಮವ್ವ ಬಂದು, ಈ ವರ್ಷವಾದರೂ ಹುಡುಗಿಯನ್ನು ಕರೆದು ತಾ ಎಂದು ತಮ್ಮನಿಗೆ ಚೆನ್ನಾಗಿ ಬೈದರು. ಆಗ ಇವರು ಅಂದರು:

“ತಪ್ಪು ತೋರಿಸಿದ್ದಕ್ಕ ಬ್ಯಾಸರಿಲ್ಲಕ್ಕಾ. ‘ಮಾನ್ಯರೇ’ ಅಂತ ಬರದಾಳ. ಅಪ್ಪಾ ಅಂತ ಬರದಿದ್ರ ಅಕಿ ಲೆಕ್ಕ ಕೆಡತಿತ್ತೇನು?”

ನನಗೆ ನಗುವೂ ಬಂತು, ಅಳುವೂ ಬಂತು. ಪತ್ರಿಕೆಗೆ ಬರೆಯುವ ವಾಡಿಕೆಯೇ ಹಾಗೆ ಎಂದೆ. ಕೇಳಿದರೆ ತಾನೆ! ಹೋಗಲಿ, ಅವಳ ಪ್ರಶ್ನೆಗಾದರೂ ಉತ್ತರ ಸಿಕ್ಕಿತೇ ಎಂದರೆ ಎದ್ದು ಹಿತ್ತಲಿಗೆ ಹೋದರು. ನೀವಿಬ್ಬರೂ ಓದಿದವರು, ನಡುವೆ ಸಾಯುವವಳು ನಾನು.

ಅಳಿಯಂದಿರಿಗೆ ನನ್ನ ಶರಣು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡಿರಿ. ಬಸವಣ್ಣ ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಅವ್ವ,
ಗೌರವ್ವ

ತಾ.ಕ.: ಪಾಕೀಟು ಅಂಟಿಸುವಾಗಲೇ ನಿಮ್ಮಪ್ಪ ಬಂದು ನಿಂತರು. ಯಾರಿಗೆ ಎಂದರು, ಹೇಳಿದೆ. “ಪಂಚಮಿಗಿ ಕರಿಯಾಕ ನಾನ ಬರ್ತೇನಂತ ಬರಿ” ಎಂದರು. ಬಾಗಿಲ ತನಕ ಹೋಗಿ ಮತ್ತೆ ತಿರುಗಿದರು. “ಆ ಮ್ಯಾಲಿನ ಗಾಳಿ ಯಾಕ ತಣ್ಣಗಾಗತೈತಿ, ನನಗ ಇನ್ನೂ ತಿಳಿವಲ್ದು. ಬರೂ ಮುಂದ ಬಸ್ಸಿನ್ಯಾಗ ಅಕಿನ ಹೇಳಲಿ.” ಪದ್ಮಾ, ಬಾಗಿಲು ತೆಗೆದ ಕೂಡಲೇ ಮೊದಲು ಅಪ್ಪಾ ಅನ್ನು. ಗಾಳಿಯ ಮಾತು ಆಮೇಲೆ.