ಸಸ್ಯಶಾಸ್ತ್ರಕ್ಕೆ ಉಳಿದವಳು

ಅಕ್ಟೋಬರ್ ೧೪, ಸೋಮವಾರ

ಕೊನೆಗೂ ಅವಳೂ ಹೋದಳು. ಮೊದಲ ದಿನದಿಂದ ನನ್ನ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿ, "ಗಿಡ ಓದಿದ್ರೆ ಕೆಲಸ ಎಲ್ಲೇ ಸಿಗತ್ತೆ? ನೀನೂ ಬಂದ್ಬಿಡು" ಎಂದು ಅರ್ಧಕ್ಕೇ ಬಿಟ್ಟು ನರ್ಸಿಂಗಿಗೆ ಸೇರಿದಳು. ಎರಡನೇ ವರ್ಷದ ಸಸ್ಯಶಾಸ್ತ್ರಕ್ಕೆ ಈಗ ನಾನೊಬ್ಬಳೇ.

ಮೇಡಂ ಖಾಲಿ ಬೆಂಚುಗಳನ್ನು ನೋಡಿಯೂ ನೋಡದವರಂತೆ ಪಾಠ ಮಾಡಿದರು. ಮುಗಿಸುವಾಗ ಅಭ್ಯಾಸಬಲದಿಂದ, "ಎಲ್ಲರಿಗೂ ಅರ್ಥ ಆಯ್ತೇನ್ರಮ್ಮಾ?" ಎಂದರು. ಇಬ್ಬರಿಗೂ ನಗು ಬಂತು. ಆಮೇಲೆ ಅವರು ಹಾಜರಿ ಪುಸ್ತಕದಲ್ಲಿ ನನ್ನೊಬ್ಬಳ ಹೆಸರಿಗೆ ಗುರುತು ಹಾಕಿದರು.

ಮಧ್ಯಾಹ್ನ ಲ್ಯಾಬಿನಲ್ಲಿ ಕುಂಬಳದ ಕಾಂಡವನ್ನು ಬ್ಲೇಡಿನಿಂದ ಅಡ್ಡಲಾಗಿ ಕೊಯ್ದೆ. ಸದಾ ದಪ್ಪಗೇ ಬರುತ್ತಿದ್ದ ಸೆಕ್ಷನ್ ಇಂದು ಈರುಳ್ಳಿ ಪೊರೆಯಷ್ಟು ತೆಳ್ಳಗೆ ಬಂತು. ಮೈಕ್ರೋಸ್ಕೋಪಿನಲ್ಲಿ ನೀರು ಸಾಗುವ ನಾಳಗಳು ನಾನು ಹಾಕಿದ ಕೆಂಪು ಬಣ್ಣ ಹೀರಿಕೊಂಡು ಒಂದೊಂದೂ ಸ್ಪಷ್ಟವಾಗಿ ಕಂಡವು. "ಲೇ, ಬೇಗ ಬಾರೇ, ನೋಡಿಲ್ಲಿ!" ಎಂದು ತಿರುಗಿದೆ. ಯಾರೂ ಇರಲಿಲ್ಲ. ಒಬ್ಬಳೇ ಬಹಳ ಹೊತ್ತು ನೋಡಿದೆ. ಮುಂದೆ ನಾನು ಆಸೆಪಟ್ಟಂತೆ ಬೀಜ ಸಂಶೋಧನಾ ಕೇಂದ್ರದಲ್ಲಿ ಕೆಲಸ ಸಿಕ್ಕರೂ ದಿನವೂ ಹೀಗೆ ಒಬ್ಬಳೇ ನೋಡುವುದೇ ಇರುತ್ತದೇನೋ. ಆದರೂ ಬಿಟ್ಟುಹೋಗಲು ಮನಸ್ಸಿಲ್ಲ.

ಸಂಜೆ ಅಮ್ಮ ಫೋನ್ ಮಾಡಿ, "ನಿನ್ನ ಕ್ಲಾಸಿನವರೆಲ್ಲ ಹೇಗಿದಾರೆ?" ಎಂದಳು.

"ಎಲ್ಲ ಚೆನ್ನಾಗಿದಾರಮ್ಮ" ಎಂದೆ.

ಅದೇನೂ ಸುಳ್ಳಲ್ಲ. ಹೋದ ಕಡೆ ಎಲ್ಲರೂ ಚೆನ್ನಾಗಿಯೇ ಇದ್ದಾರೆ. ನಾನು ಹೇಗಿದ್ದೇನೆ ಎಂದು ಅವಳು ಕೇಳುವ ಮೊದಲೇ ಫೋನಿಟ್ಟುಬಿಟ್ಟೆ. ಕೇಳಿಬಿಟ್ಟಿದ್ದರೆ ಸುಳ್ಳು ಹೇಳಬೇಕಾಗುತ್ತಿತ್ತು.